ಪ್ರೇಮದ ಉಡುಗೊರೆ: ಬೆಲೆ ಗೊತ್ತು, ಅವಳು ಗೊತ್ತೇ?

ಫೆಬ್ರುವರಿ ಎರಡನೇ ವಾರ ಸಮೀಪಿಸಿತೆಂದರೆ ಬೆಂಗಳೂರಿನ ಹೆಬ್ಬಾಳದ ಪುಷ್ಪ ಹರಾಜು ಕೇಂದ್ರದಲ್ಲಿ ಕೆಂಪು ಗುಲಾಬಿಯ ದರ ಏರತೊಡಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತಲಿನ ಪಾಲಿಹೌಸ್‌ಗಳಲ್ಲಿ ಬೆಳೆದ ‘ತಾಜ್‌ಮಹಲ್’ ತಳಿಯ ಗುಲಾಬಿ ಶೀತಲ ಪೆಟ್ಟಿಗೆಗಳಲ್ಲಿ ವಿಮಾನವೇರುತ್ತದೆ. ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಈ ಒಂದು ಋತುವಿನಲ್ಲಿ ದೇಶ ವಿದೇಶಗಳಿಗೆ ಹೊರಡುವ ಗುಲಾಬಿಯನ್ನು ಎಣಿಸುವುದು ಕೋಟಿಗಳಲ್ಲಿ. ಜಗತ್ತಿನ ಪ್ರೇಮಿಗಳಿಗೆ ಹೂ ಒದಗಿಸುವ ನಾಡು ನಮ್ಮದು ಎಂದು ಹೆಮ್ಮೆಪಡಲು ಅಡ್ಡಿಯಿಲ್ಲ. ಆದರೆ ಆ ಹೂವನ್ನು ಕೊಳ್ಳುವ ನಮ್ಮದೇ ಊರಿನ ಗಂಡಸು ತನ್ನ ಪತ್ನಿಗೋ ಪ್ರೇಯಸಿಗೋ ಏನು ಕೊಡಬೇಕೆಂಬ ವಿಷಯದಲ್ಲಿ ಎಷ್ಟು ಯೋಚಿಸುತ್ತಾನೆ? ಅಂಗಡಿಯವನು ಮುಂದಿಟ್ಟದ್ದನ್ನು, ಜಾಹೀರಾತು ಹೇಳಿದ್ದನ್ನು ಕೊಂಡು ತಂದು ‘ಕರ್ತವ್ಯ ಮುಗಿಯಿತು’ ಎಂದು ನಿಟ್ಟುಸಿರು ಬಿಡುವವರೇ ಹೆಚ್ಚು.

ಇದು ಹಗುರವಾದ ವಿಷಯವೆಂದು ಹಲವರಿಗೆ ಅನ್ನಿಸಬಹುದು. ಹಾಗಿಲ್ಲ. ಒಂದು ಉಡುಗೊರೆಯ ಹಿಂದೆ ಮನೆಯ ಹಣಕಾಸಿದೆ, ಮಾರುಕಟ್ಟೆಯ ಒತ್ತಡವಿದೆ, ಮಹಿಳೆಯ ಆಸ್ತಿ ಹಕ್ಕಿನ ಕಾನೂನಿದೆ. ಎಲ್ಲಕ್ಕಿಂತ ಮಿಗಿಲಾಗಿ, ಜೊತೆಗೆ ಬದುಕುವ ವ್ಯಕ್ತಿಯನ್ನು ನಾವು ಎಷ್ಟರಮಟ್ಟಿಗೆ ಗಮನಿಸಿದ್ದೇವೆ ಎಂಬ ಪರೀಕ್ಷೆಯಿದೆ.

ಬಾಗಿನದಿಂದ ಗುಲಾಬಿಯವರೆಗೆ

ಹೆಣ್ಣಿಗೆ ಉಡುಗೊರೆ ಕೊಡುವುದು ನಮಗೆ ಹೊಸತಲ್ಲ. ಆ ಪದದಲ್ಲಿಯೇ ‘ಉಡು’ ಇದೆ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ, ಸೀಮಂತದ ಸೀರೆ, ಊರಿಗೆ ಹೊರಡುವಾಗ ತುಂಬುವ ಉಡಿ ಇವೆಲ್ಲ ಶತಮಾನಗಳ ರೂಢಿ. ಆದರೆ ಸೂಕ್ಷ್ಮವಾಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: ಇವುಗಳಲ್ಲಿ ಬಹುಪಾಲು ತವರಿನವರು ಮಗಳಿಗೆ, ಮುತ್ತೈದೆಯರು ಮುತ್ತೈದೆಯರಿಗೆ ಕೊಡುವಂಥವು. ಗಂಡ ಹೆಂಡತಿಗೆ, ಕೇವಲ ಪ್ರೀತಿಯ ಕಾರಣಕ್ಕೆ, ಯಾರ ಸಾಕ್ಷಿಯೂ ಇಲ್ಲದೆ ಕೊಡುವ ಉಡುಗೊರೆಗೆ ನಮ್ಮಲ್ಲಿ ಸಂಪ್ರದಾಯದ ಬೆಂಬಲ ಕಡಿಮೆ. ಸಂತೆಯಿಂದ ಬರುವಾಗ ಬಾಳೆಲೆಯಲ್ಲಿ ಸುತ್ತಿ ತರುವ ಒಂದು ಮೊಳ ಮಲ್ಲಿಗೆ ಆ ಕೊರತೆಯನ್ನು ಸದ್ದಿಲ್ಲದೆ ತುಂಬುತ್ತಿತ್ತು.

ಈ ಖಾಲಿ ಜಾಗವನ್ನು 1990ರ ದಶಕದ ಉದಾರೀಕರಣದ ನಂತರ ಶುಭಾಶಯ ಪತ್ರದ ಅಂಗಡಿಗಳೂ ಉಪಗ್ರಹ ವಾಹಿನಿಗಳೂ ತುಂಬಿದವು. ಪ್ರೇಮಿಗಳ ದಿನ ನಗರಗಳಿಗೆ ಬಂದದ್ದು ಹೀಗೆ. ಅದಕ್ಕೆ ಎದುರಾದ ವಿರೋಧವೂ ಕರ್ನಾಟಕದ ಇತಿಹಾಸದ ಭಾಗವೇ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ ಹಲ್ಲೆ ನಡೆದು, ಪ್ರೇಮಿಗಳ ದಿನಾಚರಣೆಯನ್ನು ತಡೆಯುವುದಾಗಿ ಶ್ರೀರಾಮ ಸೇನೆ ಎಚ್ಚರಿಸಿದಾಗ, ದೇಶದ ನಾನಾ ಕಡೆಗಳ ಮಹಿಳೆಯರು ಆ ಸಂಘಟನೆಗೆ ಗುಲಾಬಿ ಬಣ್ಣದ ಒಳ ಉಡುಪುಗಳನ್ನು ಅಂಚೆಯಲ್ಲಿ ‘ಉಡುಗೊರೆ’ ಕಳುಹಿಸಿ ಪ್ರತಿಭಟಿಸಿದ್ದರು. ಆ ಗದ್ದಲದಲ್ಲಿ ಚರ್ಚೆಯಾದದ್ದು ಹೆಣ್ಣು ಎಲ್ಲಿಗೆ ಹೋಗಬೇಕು, ಯಾರೊಡನೆ ಹೋಗಬೇಕು ಎಂಬುದು. ಅವಳಿಗೇನು ಬೇಕು ಎಂಬ ಸರಳ ಪ್ರಶ್ನೆಯನ್ನು ಅಂದು ವಿರೋಧಿಗಳೂ ಕೇಳಲಿಲ್ಲ, ವ್ಯಾಪಾರಿಗಳೂ ಕೇಳಲಿಲ್ಲ. ಇಂದಿಗೂ ಆ ಪ್ರಶ್ನೆ ಹಾಗೆಯೇ ಉಳಿದಿದೆ.

ವಜ್ರದ ಮಾತು, ಮನಸ್ಸಿನ ಮಾತು

ಮಾರುಕಟ್ಟೆಯ ಉತ್ತರ ಸದಾ ಒಂದೇ: ಬೆಲೆ ಹೆಚ್ಚಿದಷ್ಟೂ ಪ್ರೀತಿ ಹೆಚ್ಚು. ಇದಕ್ಕೆ ವಜ್ರದುಂಗುರದ ಕಥೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ವಜ್ರವೆಂದರೆ ಶಾಶ್ವತ ಪ್ರೇಮ ಎಂಬ ಭಾವನೆಯನ್ನು ಜನಮನದಲ್ಲಿ ಬಿತ್ತಿದ್ದು ಡಿ ಬೀರ್ಸ್ ಕಂಪನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು 1947ರಲ್ಲಿ ರಚಿಸಿದ ಘೋಷವಾಕ್ಯ. ಅದನ್ನು ಬರೆದ ಫ್ರಾನ್ಸಿಸ್ ಜೆರೆಟಿ ಆ ಸಂಸ್ಥೆಯ ಉದ್ಯೋಗಿ. ಪುರಾತನ ಪದ್ಧತಿಯೆಂದು ನಾವು ಭಾವಿಸಿದ್ದು ವಾಸ್ತವದಲ್ಲಿ ನಮ್ಮ ಸ್ವಾತಂತ್ರ್ಯದಷ್ಟೇ ವಯಸ್ಸಿನದು.

ಬೆಲೆ ಮತ್ತು ಮೆಚ್ಚುಗೆಯ ಸಂಬಂಧವನ್ನು ಸಂಶೋಧಕರು ಪರೀಕ್ಷಿಸಿಯೂ ನೋಡಿದ್ದಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ಗ್ಯಾಬ್ರಿಯೆಲ್ ಆಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ನಿಶ್ಚಿತಾರ್ಥವಾದವರನ್ನು ಉಂಗುರದ ಬಗ್ಗೆ ಪ್ರಶ್ನಿಸಲಾಯಿತು. ಉಂಗುರ ದುಬಾರಿಯಾದಷ್ಟೂ ಆಕೆ ಹೆಚ್ಚು ಮೆಚ್ಚುತ್ತಾಳೆ ಎಂದು ಕೊಟ್ಟ ಪುರುಷರು ನಂಬಿದ್ದರು. ಪಡೆದ ಮಹಿಳೆಯರ ಉತ್ತರಗಳಲ್ಲಿ ಬೆಲೆಗೂ ಮೆಚ್ಚುಗೆಗೂ ಅಂಥ ನಂಟು ಕಾಣಲಿಲ್ಲ. ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿಯೇ ಇನ್ನೊಂದು ಕಟುಸತ್ಯವನ್ನು ಮುಂದಿಟ್ಟಿದ್ದರು. ಕ್ರಿಸ್‌ಮಸ್ ಉಡುಗೊರೆ ಪಡೆದ ವಿದ್ಯಾರ್ಥಿಗಳು ಅದಕ್ಕೆ ಕಟ್ಟಿದ ಮೌಲ್ಯ, ಕೊಟ್ಟವರು ತೆತ್ತ ಬೆಲೆಗಿಂತ ಶೇ. 10ರಿಂದ ಮೂರನೇ ಒಂದು ಭಾಗದವರೆಗೂ ಕಡಿಮೆ ಇತ್ತು. ತೀರಾ ಹತ್ತಿರದವರ, ಅದರಲ್ಲೂ ಪ್ರೇಮಿಗಳ ಉಡುಗೊರೆಯಲ್ಲಿ ಈ ನಷ್ಟ ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡ ಅಂಶ. ಅಂದರೆ ಹಣ ವ್ಯರ್ಥವಾಗದಂತೆ ಕಾಯುವುದು ಪಡೆಯುವವರ ಅಭಿರುಚಿಯ ಅರಿವು.

ಪ್ರಯೋಗಾಲಯದಲ್ಲಿ ತಯಾರಾಗುವ ವಜ್ರ ಬಂದ ಮೇಲಂತೂ ಬೆಲೆಯ ತರ್ಕ ಇನ್ನಷ್ಟು ಸಡಿಲಗೊಂಡಿದೆ. ರಚನೆಯಲ್ಲಿ ಗಣಿಯ ವಜ್ರದಂತೆಯೇ ಇರುವ ಇದರ ಬೆಲೆ ಕೆಲವೇ ವರ್ಷಗಳಲ್ಲಿ ಭಾರಿ ಪ್ರಮಾಣದಲ್ಲಿ ಕುಸಿದಿದೆ. ತೊಡಲು ಅಂದವಾದುದು ಬೇಕಿದ್ದರೆ ಇದು ಒಳ್ಳೆಯ ಆಯ್ಕೆ. ಆದರೆ ಮರುಮಾರಾಟದಲ್ಲಿ ಹಣ ಹಿಂದಿರುಗುತ್ತದೆ ಎಂಬ ಭರವಸೆಯಿಂದ ಕೊಳ್ಳುವಂಥದ್ದಲ್ಲ. ಹಾಗೆ ನೋಡಿದರೆ ಗಣಿಯ ವಜ್ರವನ್ನು ಮರಳಿ ಮಾರಹೋದವರ ಅನುಭವವೂ ಸಿಹಿಯಲ್ಲ.

ಚಿನ್ನ ಕೊಟ್ಟರು, ಯಾರಿಗೆ ಕೊಟ್ಟರು?

ನಮ್ಮ ನಾಡಿನಲ್ಲಿ ಉಡುಗೊರೆಯ ಮಾತು ಕೊನೆಗೆ ತಲುಪುವುದು ಚಿನ್ನಕ್ಕೇ. 2005ರಲ್ಲಿ ಹತ್ತು ಗ್ರಾಂಗೆ ಸುಮಾರು ಏಳು ಸಾವಿರ ರೂಪಾಯಿ ಇದ್ದ ಚಿನ್ನ 2025ರಲ್ಲಿ ಒಂದು ಲಕ್ಷ ದಾಟಿತು. ಮಧ್ಯಮ ವರ್ಗದ ಗಂಡ ವಾರ್ಷಿಕೋತ್ಸವಕ್ಕೆ ತರುತ್ತಿದ್ದ ಒಂದು ಜೊತೆ ಬಳೆ ಈಗ ಓಲೆಗೆ ಇಳಿದಿದೆ, ಓಲೆ ಮೂಗುಬೊಟ್ಟಿಗೆ ಇಳಿದಿದೆ. ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳು ಸರಳ. 2023ರ ಏಪ್ರಿಲ್ 1ರಿಂದ ಆರು ಅಂಕಿ ಅಕ್ಷರಗಳ ಎಚ್‌ಯುಐಡಿ ಸಂಕೇತವಿರುವ ಹಾಲ್‌ಮಾರ್ಕ್ ಆಭರಣವನ್ನೇ ಮಾರಬೇಕೆಂಬ ನಿಯಮ ಜಾರಿಯಲ್ಲಿದೆ. ಆ ಸಂಕೇತವನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಮೂದಿಸಿ ಅಸಲಿಯತ್ತನ್ನು ತಾಳೆ ನೋಡಬಹುದು. ಹರಳು ಹೆಚ್ಚಿರುವ ಒಡವೆಯಲ್ಲಿ ಹರಳಿನ ತೂಕ, ಚಿನ್ನದ ತೂಕ, ಮಜೂರಿಗಳನ್ನು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಕ್ಷೇಮ.

ಆದರೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಕೊಟ್ಟ ಚಿನ್ನ ನಿಜವಾಗಿ ಆಕೆಯದೇ? ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಮಾಡಿಸಿದ ಸರ ಅವಳ ಕೊರಳಲ್ಲಿ ಇರುವುದಕ್ಕಿಂತ ಹೆಚ್ಚು ಕಾಲ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ತಿಜೋರಿಯಲ್ಲಿ ಇರುತ್ತದೆ. ಬಿತ್ತನೆಯ ಸಾಲ, ಮಕ್ಕಳ ಶುಲ್ಕ, ನಿವೇಶನದ ಮುಂಗಡ ಎಲ್ಲಕ್ಕೂ ಮೊದಲು ಬಿಚ್ಚಿಕೊಡುವುದು ಅವಳ ಒಡವೆ. ಸಂಸಾರದ ಕಷ್ಟಕ್ಕೆ ಹೆಗಲು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಅಡವಿಡುವ ಮುನ್ನ ಅವಳನ್ನು ಕೇಳಲಾಯಿತೇ, ಇಲ್ಲವೇ ತಿಳಿಸಲಾಯಿತೇ ಎಂಬುದರಲ್ಲಿ ಅಜಗಜಾಂತರವಿದೆ. ಕೇಳದೆ ಒಯ್ದ ಒಡವೆ ಉಡುಗೊರೆಯಲ್ಲ. ಅದು ಹೆಂಡತಿಯ ಮೈಮೇಲೆ ಗಂಡ ಇಟ್ಟ ಠೇವಣಿ.

ಈ ವಿಷಯದಲ್ಲಿ ನ್ಯಾಯಾಲಯಗಳ ನಿಲುವು ಸ್ಪಷ್ಟ. 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ, ಸ್ತ್ರೀಧನ ಪತ್ನಿಯ ಸ್ವಂತ ಆಸ್ತಿಯೆಂದೂ ಗಂಡನ ಅಥವಾ ಅತ್ತೆಮನೆಯವರ ವಶದಲ್ಲಿ ಇದ್ದ ಮಾತ್ರಕ್ಕೆ ಅದು ಅವರದಾಗದೆಂದೂ ಸುಪ್ರೀಂ ಕೋರ್ಟ್ ಹೇಳಿತು. 2024ರ ಏಪ್ರಿಲ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ ಅದೇ ಮಾತನ್ನು ಮತ್ತೆ ಒತ್ತಿಹೇಳಿತು. ಮದುವೆಯಲ್ಲಿ ಬಂದ 89 ಪವನು ಚಿನ್ನವನ್ನು ಗಂಡನ ಮನೆಯವರು ಬಳಸಿಕೊಂಡಿದ್ದರೆಂಬ ಆ ವ್ಯಾಜ್ಯದಲ್ಲಿ ಪತ್ನಿಗೆ 25 ಲಕ್ಷ ರೂಪಾಯಿ ನೀಡುವಂತೆ ಆದೇಶವಾಯಿತು. ಕಷ್ಟಕಾಲದಲ್ಲಿ ಪತಿ ಅದನ್ನು ಬಳಸಬಹುದಾದರೂ ಹಿಂದಿರುಗಿಸುವ ಬಾಧ್ಯತೆ ಅವನದು ಎಂಬುದು ಆ ತೀರ್ಪಿನ ಸಾರ. ಮದುವೆಗೆ ಮುನ್ನ, ಮದುವೆಯಲ್ಲಿ, ಅನಂತರ ಆಕೆಗೆ ಬಂದ ಉಡುಗೊರೆಗಳೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಗಂಡ ಕೊಟ್ಟದ್ದೂ ಹೊರತಲ್ಲ. ಮುಸ್ಲಿಂ ವಿವಾಹದಲ್ಲಿ ಮೆಹರ್ ಕೂಡ ಪತ್ನಿಯ ಸ್ವಂತ ಹಕ್ಕೇ.

ಆದುದರಿಂದ ಒಡವೆ ಕೊಡುವವರು ಒಂದು ಹೆಜ್ಜೆ ಮುಂದೆ ಹೋಗಬಹುದು. ಬಿಲ್ಲನ್ನು ಆಕೆಯ ಹೆಸರಿನಲ್ಲೇ ಮಾಡಿಸಿ ಅವಳ ಕೈಗೇ ಕೊಡಬಹುದು. ಲಾಕರ್ ಇದ್ದರೆ ಅದು ಅವಳ ಹೆಸರಿನಲ್ಲೂ ಇರಲಿ. ಇದು ಪ್ರೇಮಕ್ಕೆ ಸಲ್ಲದ ಲೆಕ್ಕಾಚಾರವೆಂದು ಮೂಗು ಮುರಿಯುವವರು, ಆ ಲೆಕ್ಕ ಇಲ್ಲದ ಮನೆಗಳಲ್ಲಿ ವಿರಸ ಬಂದಾಗ ಹೆಣ್ಣು ಬರಿಗೈಯಲ್ಲಿ ಹೊರಬಿದ್ದ ಉದಾಹರಣೆಗಳನ್ನು ನೆನೆಯಬೇಕು.

ಮದುವೆಯಾಗದ ಜೋಡಿಗಳು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ಪತಿ ಪತ್ನಿಯರ ನಡುವಿನ ಉಡುಗೊರೆಗೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಕಾನೂನಿನ ಕಣ್ಣಿಗೆ ಪ್ರೇಮಿ ‘ಸಂಬಂಧಿ’ ಅಲ್ಲ. ಸಂಬಂಧಿಗಳಲ್ಲದವರಿಂದ ವರ್ಷವೊಂದರಲ್ಲಿ ಬಂದ ನಗದು 50,000 ರೂಪಾಯಿ ಮೀರಿದರೆ ಪೂರ್ತಿ ಮೊತ್ತ ಪಡೆದವರ ಆದಾಯಕ್ಕೆ ಸೇರುತ್ತದೆ. ಆಭರಣದ ಮೌಲ್ಯಕ್ಕೂ ಇದೇ ಮಿತಿ. ಮದುವೆಯ ಸಂದರ್ಭದ ಉಡುಗೊರೆಗೆ ಮಾತ್ರ ವಿನಾಯಿತಿ ಇದೆ.

ಅಚ್ಚರಿಗಿಂತ ಗಮನ ಮುಖ್ಯ

ಹಾಗಾದರೆ ಒಳ್ಳೆಯ ಉಡುಗೊರೆ ಯಾವುದು? ಕೊಡುವವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಮೊದಲನೆಯದು ಅಚ್ಚರಿಯ ಮೋಹ. ಕೇಳಿ ತಂದರೆ ಅದರಲ್ಲೇನು ಸ್ವಾರಸ್ಯ ಎಂದು ಪುರುಷರು ವಾದಿಸುತ್ತಾರೆ. ಆದರೆ ಫ್ರಾನ್ಸೆಸ್ಕಾ ಜಿನೊ ಮತ್ತು ಫ್ಲಿನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆ: ತಾವಾಗಿ ಆರಿಸಿ ತಂದ ಉಡುಗೊರೆಯೇ ಹೆಚ್ಚು ಅಕ್ಕರೆಯದೆಂದು ಕೊಡುವವರು ಭಾವಿಸುತ್ತಾರೆ, ಪಡೆಯುವವರಾದರೋ ತಾವು ಬಯಸಿ ಹೇಳಿದ್ದನ್ನೇ ತಂದುಕೊಟ್ಟರೆ ಹೆಚ್ಚು ಮೆಚ್ಚುತ್ತಾರೆ. ತನ್ನ ಮಾತನ್ನು ಒಬ್ಬರು ಕಿವಿಗೊಟ್ಟು ಕೇಳಿದರು ಎಂಬುದೇ ಅಲ್ಲಿನ ಸಂತೋಷ.

ಎರಡನೆಯದು ಕೊಡುವ ಕ್ಷಣದ ಮೋಹ. ಕಾಗದ ಬಿಚ್ಚಿದಾಗ ಮುಖ ಅರಳಬೇಕು, ಫೋಟೊ ತೆಗೆಯಬೇಕು ಎಂಬುದರ ಮೇಲೆಯೇ ಕೊಡುವವರ ಕಣ್ಣು. ಪಡೆದವಳ ಯೋಚನೆ ಮಾರನೆಯ ದಿನದಿಂದ ಆರಂಭವಾಗುತ್ತದೆ. ರೇಷ್ಮೆ ಸೀರೆ ಬಂದರೆ ಅದಕ್ಕೆ ಫಾಲ್ ಹೊಲಿಸಬೇಕು, ಕುಚ್ಚು ಕಟ್ಟಿಸಬೇಕು, ರವಿಕೆಗೆ ದರ್ಜಿಯ ಬಳಿ ಎರಡು ಸಲ ಅಲೆಯಬೇಕು. ಇಷ್ಟನ್ನೂ ಮುಗಿಸಿ ಉಡಲು ಸಿದ್ಧವಾದ ಸೀರೆಯನ್ನು ಕೈಗಿತ್ತವನ ಉಡುಗೊರೆ, ಬೆಲೆ ಎರಡು ಸಾವಿರ ಕಡಿಮೆಯಾದರೂ, ಹಿರಿದು.

ಗಮನಿಸಿ ಕೊಡುವುದೆಂದರೆ ಸಣ್ಣ ಸಂಗತಿಗಳನ್ನು ಅರಿಯುವುದು. ಬಳೆ ತರುವವರಿಗೆ ಅಳತೆ ಗೊತ್ತಿರಬೇಕು. ಅಂಗಡಿಯವರು ಹೇಳುವ 2.4 ಎಂದರೆ ಒಳವ್ಯಾಸ ಎರಡು ಅಂಗುಲ ಮತ್ತು ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಅಂಗುಲ. 2.8 ಎಂದರೆ ಎರಡೂವರೆ. ಹತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಬಳೆಯ ಅಳತೆ ಎಷ್ಟು ಗಂಡಂದಿರಿಗೆ ಗೊತ್ತಿದೆ? ಆಕೆ ಯಾವ ಬಣ್ಣವನ್ನು ಉಡುವುದೇ ಇಲ್ಲ, ಯಾವ ವಾಸನೆಗೆ ತಲೆನೋವು ಬರುತ್ತದೆ, ಯಾವ ಪುಸ್ತಕವನ್ನು ಅರ್ಧಕ್ಕೆ ನಿಲ್ಲಿಸಿದ್ದಾಳೆ, ಮದುವೆಯಾದ ಮೇಲೆ ಬಿಟ್ಟುಹೋದ ಸಂಗೀತದ ಪಾಠ ಯಾವ ಹಂತದಲ್ಲಿತ್ತು? ಇವುಗಳ ಉತ್ತರ ಯಾವ ಮಳಿಗೆಯಲ್ಲೂ ಸಿಗದು.

ನಮ್ಮದೇ ನೆಲದ ಆಯ್ಕೆಗಳು

ಗಮನದ ಜೊತೆಗೆ ವಸ್ತುವಿನ ಅರಿವೂ ಬೇಕು. ಇದರಲ್ಲಿ ಕನ್ನಡಿಗರಿಗೆ ಬಡತನವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಡಿಯಲ್ಲಿದೆ. ಅಲ್ಲಿನ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನವಿರುತ್ತದೆ. ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ಲದಿರುವುದರಿಂದ ನಿಗಮದ ಮಳಿಗೆಗಳ ಮುಂದೆ ಬೆಳಗಿನ ಜಾವವೇ ಸಾಲು ನಿಲ್ಲುವ ದೃಶ್ಯಗಳು ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾಗಿವೆ. ಆ ಸಾಲಿನಲ್ಲಿ ಹೆಚ್ಚಾಗಿ ನಿಂತಿರುವವರು ಹೆಂಗಸರೇ. ಅವಳ ಬದಲು ಒಂದು ದಿನ ತಾನೇ ಹೋಗಿ ಆ ಸಾಲಿನಲ್ಲಿ ನಿಲ್ಲುವುದೂ ಒಂದು ಉಡುಗೊರೆಯೇ.

ಅಷ್ಟು ಹಣ ಇಲ್ಲದವರಿಗೆ ಇಳಕಲ್ ಇದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಗಳಿಂದ ಜೋಡಿಸುವ ವಿಶಿಷ್ಟ ಕೌಶಲ, ಕೆಂಪು ಸೆರಗಿನ ಮೇಲಿನ ಬಿಳಿ ವಿನ್ಯಾಸ ಅದರ ಗುರುತು. ಅದರ ಮೇಲೆ ಧಾರವಾಡ ಸೀಮೆಯ ಹೆಣ್ಣುಮಕ್ಕಳು ಗಂಟಿಲ್ಲದೆ, ಎಳೆ ಎಣಿಸಿ ಹಾಕುವ ಕಸೂತಿಯ ತೇರು, ಗೋಪುರ, ಆನೆಗಳನ್ನು ಮಾಡಿಸಿದರೆ ಅಂಥ ಸೀರೆ ಇನ್ನೊಂದಿರದು. ಆದರೆ ಅದಕ್ಕೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಮುಂಚೆ ಹೇಳಿಡಬೇಕು. ಹಿಂದಿನ ಸಂಜೆ ನೆನಪಾದವರಿಗೆ ಕಸೂತಿ ಸಿಗುವುದಿಲ್ಲ. ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ನೋಡಿ ಕೊಂಡರೆ ಯಂತ್ರದ ನಕಲಿಗೆ ಮೋಸಹೋಗುವುದು ತಪ್ಪುತ್ತದೆ, ನೇಕಾರನಿಗೂ ನ್ಯಾಯ ಸಲ್ಲುತ್ತದೆ.

ಅದೂ ಆಗದವರಿಗೆ ಮಲ್ಲಿಗೆಯಂತೂ ಇದ್ದೇ ಇದೆ. ಮೈಸೂರು, ಹಡಗಲಿ, ಉಡುಪಿ ಮೂರೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಲ್ಲಿಗೆಗಳು. ಮೈಸೂರು ಕಡೆ ಮೊಳದಲ್ಲಿ, ಕರಾವಳಿಯಲ್ಲಿ ಚೆಂಡು ಮತ್ತು ಅಟ್ಟೆಗಳಲ್ಲಿ ಅದರ ವ್ಯಾಪಾರ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾದಾಗಿನಿಂದ ನವದಂಪತಿಗೆ ಕೊಡುವ ಪುಸ್ತಕವಾಗಿ ಉಳಿದಿರುವುದಕ್ಕೆ ಕಾರಣ, ದಾಂಪತ್ಯದ ದಿನನಿತ್ಯದ ಸಣ್ಣ ಸಂಗತಿಗಳಲ್ಲೇ ಅದು ಪ್ರೇಮವನ್ನು ಕಂಡದ್ದು. ಓದುವ ಹವ್ಯಾಸವಿರುವವಳಿಗೆ ಬಾನು ಮುಷ್ತಾಕ್ ಅವರ ಕಥೆಗಳನ್ನು ಕೊಡಬಹುದು. ‘ಹಾರ್ಟ್ ಲ್ಯಾಂಪ್’ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಆ ಕಥೆಗಳನ್ನು ಕೊಡುವ ಮುನ್ನ ಗಂಡನೂ ಓದಿದರೆ ಇನ್ನೂ ಒಳಿತು.

289ನೇ ನಿಮಿಷದಲ್ಲಿ ಯಾರಿದ್ದಾರೆ?

ಎಲ್ಲ ವಸ್ತುಗಳನ್ನೂ ಮೀರಿದ ಒಂದು ಉಡುಗೊರೆಯ ಕುರಿತು ಅಂಕಿ ಅಂಶಗಳೇ ಮಾತನಾಡುತ್ತವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಾರೆ. ಅಂಥ ಕೆಲಸ ಮಾಡುವ ಪುರುಷರ ಪಾಲು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು ಕ್ರಮವಾಗಿ 299 ಮತ್ತು 97 ಇತ್ತು. ಐದು ವರ್ಷಗಳಲ್ಲಿ ಇಬ್ಬರ ಕೆಲಸವೂ ಹತ್ತಿರ ಹತ್ತಿರ ಹತ್ತು ನಿಮಿಷ ತಗ್ಗಿದೆ, ಇಬ್ಬರ ನಡುವಿನ ಅಂತರ ಮಾತ್ರ ಹಾಗೆಯೇ ಉಳಿದಿದೆ.

ಈ ಹಿನ್ನೆಲೆಯಲ್ಲಿ ಮಿಕ್ಸಿ, ಕುಕ್ಕರ್, ಗ್ರೈಂಡರ್‌ಗಳನ್ನು ಹೆಂಡತಿಯ ಹುಟ್ಟುಹಬ್ಬದ ಉಡುಗೊರೆಯೆಂದು ತರುವ ಪದ್ಧತಿಯನ್ನು ಪರಿಶೀಲಿಸಬೇಕು. ಅವು ಮನೆಗೆ ಬೇಕಾದ ವಸ್ತುಗಳು, ಮನೆಯ ಖರ್ಚಿನಲ್ಲಿ ಬರಬೇಕಾದವು. ಅವಳ ಹೆಸರಿನಲ್ಲಿ ಅವನ್ನು ತಂದರೆ ಅಡುಗೆ ಅವಳದೇ ಕೆಲಸವೆಂದು ರಿಬ್ಬನ್ ಕಟ್ಟಿ ಹೇಳಿದಂತೆ. ಅದರ ಬದಲು ವಾರಕ್ಕೆ ಎರಡು ಸಂಜೆ ಅಡುಗೆಮನೆಯ ಪೂರ್ಣ ಹೊಣೆಯನ್ನು ಗಂಡನೇ ಹೊತ್ತು, ಆ ಸಮಯದಲ್ಲಿ ಅವಳು ಬಿಟ್ಟ ವೀಣೆಯನ್ನೋ ಓದನ್ನೋ ಗೆಳತಿಯರ ಭೇಟಿಯನ್ನೋ ಮುಂದುವರಿಸಿದರೆ ಆ ಉಡುಗೊರೆಗೆ ಜಿಎಸ್‌ಟಿಯೂ ಇಲ್ಲ, ಮಜೂರಿಯೂ ಇಲ್ಲ. ಆದರೆ ಅದು ಒಂದು ದಿನದ ನಾಟಕವಾಗಬಾರದು. ಫೆಬ್ರುವರಿ 14ರಂದು ಕಾಫಿ ಮಾಡಿಕೊಟ್ಟು 15ರಂದು ಲೋಟವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುವುದಕ್ಕೆ ಉಡುಗೊರೆಯೆಂಬ ಹೆಸರು ಸಲ್ಲದು.

ಇದಕ್ಕೊಂದು ಆಕ್ಷೇಪ ಉಂಟು. ಇಂದಿನ ಹೆಣ್ಣು ತಾನೇ ಸಂಪಾದಿಸುತ್ತಾಳೆ, ತನಗೆ ಬೇಕಾದುದನ್ನು ತಾನೇ ಕೊಳ್ಳುತ್ತಾಳೆ, ಉಡುಗೊರೆಯ ಹಂಗೇಕೆ ಎಂದು ಕೇಳುವವರಿದ್ದಾರೆ. ಮಾತು ನಿಜ. ನಗರದ ಉದ್ಯೋಗಸ್ಥೆಯರಷ್ಟೇ ಅಲ್ಲ, 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನು ಕೂಡಿಟ್ಟು ಫ್ರಿಜ್, ಹೊಲಿಗೆ ಯಂತ್ರ ಕೊಂಡ ಹಳ್ಳಿಯ ಗೃಹಿಣಿಯರ ಸುದ್ದಿಯನ್ನೂ ನಾವು ಓದಿದ್ದೇವೆ. ಆದರೆ ಇದರಿಂದ ಉಡುಗೊರೆಯ ಅಗತ್ಯ ಮುಗಿಯಲಿಲ್ಲ, ಅದರ ಅರ್ಥ ಶುದ್ಧವಾಯಿತು. ಕೊಳ್ಳುವ ಶಕ್ತಿ ಇಲ್ಲದವಳಿಗೆ ಕೊಟ್ಟದ್ದರಲ್ಲಿ ಉಪಕಾರದ ಸೋಂಕು ಇರಬಹುದು. ತಾನೇ ಕೊಳ್ಳಬಲ್ಲವಳಿಗೆ ಕೊಡುವಾಗ ಉಳಿಯುವುದು ನೆನಪು ಮತ್ತು ಗಮನ ಮಾತ್ರ. ಗಂಡಸಿಗೂ ಅಷ್ಟೇ ಅಕ್ಕರೆಯಿಂದ ಅವಳು ಕೊಡಬಹುದೆಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮ ಮದುವೆಗಳಲ್ಲಿ ಮುಯ್ಯಿಯ ಲೆಕ್ಕ ಬರೆದಿಡುವ ಪದ್ಧತಿ ಇದೆ. ಯಾರು ಎಷ್ಟು ಕೊಟ್ಟರು, ನಾವು ಎಷ್ಟು ಹಿಂದಿರುಗಿಸಬೇಕು ಎಂಬುದು ಆ ಪುಸ್ತಕದಲ್ಲಿರುತ್ತದೆ. ಊರಿನ ಸಂಬಂಧಗಳು ಹಾಗೆ ನಡೆಯುವುದು ಸರಿಯೇ. ಆದರೆ ಇಬ್ಬರ ನಡುವಿನ ಪ್ರೀತಿಗೆ ಅಂಥ ಪುಸ್ತಕವಿರಬಾರದು. ಈ ಬಾರಿ ಅಂಗಡಿಗೆ ಹೊರಡುವ ಮುನ್ನ ಒಂದು ಸಂಜೆ ಅವಳ ಎದುರು ಕುಳಿತು ‘ನಿನಗೇನು ಬೇಕು’ ಎಂದು ಕೇಳಿ. ‘ಏನೂ ಬೇಡ’ ಎಂಬ ಉತ್ತರ ಬಂದರೆ ಅದನ್ನೇ ನಂಬಿ ಎದ್ದುಬಿಡಬೇಡಿ. ವರ್ಷಗಳಿಂದ ಯಾರೂ ಕೇಳದೆ ಇದ್ದವರು ಮೊದಲು ಕೊಡುವ ಉತ್ತರ ಅದೇ ಆಗಿರುತ್ತದೆ.